ಏಳನೇ ಪಾಠ ಬಿಟ್ಟುಬಿಡು

...ಅಲ್ಲಾಡಬೇಡ ಅಂದೆ ತಾನೇ! ನೋಡು, ಚುಚ್ಚಿತು. ಈಗ ನನ್ನ ತಪ್ಪಾ? ಸ್ಟೂಲ್ ಮೇಲೆ ನಿಂತ ಮನುಷ್ಯ ಕಂಬದ ಹಾಗೆ ನಿಂತಿರಬೇಕು. ಆ ಕೈ ಇಳಿಬಿಡು. ಪುಸ್ತಕ ಇನ್ನೊಂದು ಕೈಗೆ ತಗೋ, ಈ ತೋಳು ನನಗೆ ಬೇಕು. ಹಾಂ, ಹಾಗೆ. ನಿನ್ನ ಕೈ ಇಷ್ಟುದ್ದ ಇದೆ ಅಂತ ಮೊದಲೇ ಹೇಳಬಾರದಾ? ಕೆಳಗಿನ ಮಡಿಕೆ ಪೂರ್ತಿ ಬಿಚ್ಚಬೇಕಾಯ್ತು... ಎಲ್ಲಿದ್ವಿ? ಮೊದಲನೇ ಪಾಠ. ಕೇಳ್ತೀನಿ, ಹೇಳು. "ಮೊದಮೊದಲು ಈ ದೇಶಕ್ಕೆ ಬರೋರನ್ನ ತಡೆಯೋಕೆ ಯಾವ ಕಾನೂನು ಇತ್ತು?"

ಅಯ್ಯಯ್ಯೋ, ಅಷ್ಟುದ್ದ ಯಾಕಪ್ಪ! "ಯಾವ ಕಾನೂನೂ ಇರಲಿಲ್ಲ ಸ್ವಾಮಿ" ಅಂದು ಬಾಯಿ ಮುಚ್ಕೋ. ನಾಳೆ ನಿನ್ನ ಪರೀಕ್ಷೆ ಮಾಡೋ ಆ ಮೂಗುಕನ್ನಡಕದ ಸಾಹೇಬನ ಹತ್ತಿರ ಬೆಳಿಗ್ಗೆ ಹನ್ನೆರಡು ಜನ ಬರ್ತಾರೆ, ಅವನಿಗೂ ಊಟದ ಹೊತ್ತಾಗತ್ತೆ. ಕೇಳಿದ್ದಕ್ಕೆ ಉತ್ತರ, ಕೇಳದೇ ಇದ್ದಿದ್ದಕ್ಕೆ ಮೌನ. ಇಪ್ಪತ್ತು ವರ್ಷದಿಂದ ಅವನ ಮೇಜಿನ ಪಕ್ಕ ಸಾಕ್ಷಿ ನಿಲ್ತಾ ಇದೀನಿ, ಅವನ ಹುಬ್ಬು ಎತ್ತಿದ್ರೆ ಏನು, ಇಳಿಸಿದ್ರೆ ಏನು, ಎಲ್ಲ ಗೊತ್ತು ನನಗೆ.

ಹೆದರಿಕೆನಾ? ಯಾಕೆ ಹೆದರಿಕೆ? ನಾಳೆ ಹತ್ತು ಗಂಟೆಗೆ ಪರೀಕ್ಷೆ. ಹನ್ನೊಂದಕ್ಕೆ ಪ್ರಮಾಣ. ಹನ್ನೆರಡಕ್ಕೆ ನೀನು ಈ ದೇಶದ ಪ್ರಜೆ. ನಡುವೆ ಇರೋದು ಎರಡೇ: ಈ ಪುಸ್ತಕ, ಮತ್ತೆ ಇಬ್ಬರು ಸಾಕ್ಷಿ. ಪುಸ್ತಕ ನಿನ್ನ ತಲೇಲಿದೆ. ಸಾಕ್ಷಿ, ಎದುರುಗಡೆ ಬ್ರೆಡ್ ಅಂಗಡಿಯವನು ಒಬ್ಬ, ನಾನೊಬ್ಬಳು. "ಈ ದೇಶದ ಪ್ರಜೆಗಳಾದ ಇಬ್ಬರು, ಅರ್ಜಿದಾರನನ್ನ ಐದು ವರ್ಷದಿಂದ ಬಲ್ಲವರು." ನಿನ್ನನ್ನ ನನಗಿಂತ ಯಾರು ಬಲ್ಲರು ಹೇಳು? ಐದು ವರ್ಷ ಎರಡು ತಿಂಗಳಿಂದ ಮೇಲಿನ ಕೋಣೇಲಿ, ನನ್ನ ತಲೆ ಮೇಲೆ ನಡೀತಾ ಇದೀಯ. ಬೂಟು ಬಿಚ್ಚೋವಾಗ ಒಂದು ದಢಾರ್ ಅನ್ಸಿ, ಇನ್ನೊಂದನ್ನ ಮೆಲ್ಲಗೆ ಇಡ್ತೀಯ. ಆ ಎರಡನೇದು ಬೀಳತ್ತೆ ಬೀಳತ್ತೆ ಅಂತ ಕಾದು ಕಾದು ನನ್ನ ಆಯಸ್ಸು ಅರ್ಧ ಮುಗೀತು.

ನಗಬೇಡ, ತೋಳು ಓರೆ ಆಗತ್ತೆ.

ಕಾನೂನು ಇರಲಿಲ್ಲ ಅಂದೆನಲ್ಲ, ನಿಜ ಅದು. ನಮ್ಮ ತಾತ ಬಂದಾಗ ಹಡಗುಕಟ್ಟೇಲಿ ಒಂದು ಹಗ್ಗ ಕಟ್ಟಿತ್ತಂತೆ, ಅಷ್ಟೇ. ಹಗ್ಗದ ಪಕ್ಕ ಒಬ್ಬ ಕುರ್ಚಿ ಹಾಕ್ಕೊಂಡು ಕೂತಿದ್ದ. "ಕೈ ತೋರಿಸು" ಅಂದ. ತಾತ ಬಡಗಿ, ಅಂಗೈ ತುಂಬ ಜಡ್ಡು. ನೋಡಿದ, ಹಗ್ಗ ಎತ್ತಿದ. ಮುಗೀತು! ಇನ್ನು ಪೌರತ್ವ... ಅದು ಇನ್ನೂ ತಮಾಷೆ. ಕೋರ್ಟಿನ ಬೆಂಚು ಮುರಿದಿದೆ ಅಂತ ತಾತನ್ನ ಕರೆಸಿದ್ರು. ಮಾರನೇ ದಿನ ಚುನಾವಣೆ. ಇವನು ಮೂಲೇಲಿ ಬಗ್ಗಿಕೊಂಡು ಮೊಳೆ ಹೊಡೀತಾ ಇದಾನೆ, ಅಷ್ಟರಲ್ಲಿ ಯಾವುದೋ ಪಕ್ಷದೋರು ನೂರು ಜನರನ್ನ ಒಟ್ಟಿಗೆ ತಂದು ನಿಲ್ಲಿಸಿದ್ರು, ಇವತ್ತು ಪ್ರಜೆ ಮಾಡಿ, ನಾಳೆ ಓಟು ಹಾಕಿಸ್ತೀವಿ ಅಂತ. ಜಡ್ಜು ಅಂದ, "ಎಲ್ಲರೂ ಬಲಗೈ ಎತ್ತಿ!" ತಾತನ ಕೈ ಹೇಗೂ ಮೇಲೇ ಇತ್ತು, ಸುತ್ತಿಗೆ ಹಿಡಿದಿದ್ದ ಕೈ. ಕೈ ಎಣಿಸಿದ್ರು. ನೂರಾ ಒಂದು! ಸಂಜೆ ಮನೆಗೆ ಬಂದು ಜೇಬಿಂದ ಕಾಗದ ತೆಗೆದು ಅಜ್ಜಿಗೆ ಕೊಟ್ಟನಂತೆ, "ಮೊಳೆ ರಶೀದಿ ಇರಬೇಕು ನೋಡೇ" ಅಂತ.

ಸತ್ಯವಾಗ್ಲೂ! ನಮ್ಮ ಮನೇಲಿ ಸುಳ್ಳು ಹೇಳೋರು ಯಾರೂ ಇರಲಿಲ್ಲ... ಅಂದ್ರೆ, ತಾತ ಹೇಳ್ತಿರಲಿಲ್ಲ. ತಿರುಗು. ಪೂರ್ತಿ ಅಲ್ಲ, ಅರ್ಧ. ಬೆನ್ನು ನೋಡಬೇಕು.

ಹೀಗೆ ಇದ್ದಿದ್ದು, ಆಮೇಲೆ ಕೆಟ್ಟಿತು. ಎರಡನೇ ಪಾಠ. ಯಾರ್ಯಾರು ಬರಬಾರದು ಅಂತ ಪಟ್ಟಿ ಶುರುವಾಯ್ತು. ಹುಚ್ಚು ಇರೋರು ಬರಬಾರದು, ಜೈಲಿಗೆ ಹೋಗಿಬಂದೋರು ಬರಬಾರದು, ದುಡಿದು ತಿನ್ನೋಕಾಗದೋರು ಬರಬಾರದು. ಆ ಖಂಡದೋರು ಬರಬಾರದು, ಈ ಬಣ್ಣದೋರು ಬರಬಾರದು... ಪಟ್ಟಿ ವರ್ಷಾ ವರ್ಷಾ ಬೆಳೀತು. ಮೊದಲು ಬಂದು ಒಳಗೆ ಕೂತೋರೇ ಬಾಗಿಲು ಹಾಕಿದ್ದು, ಗೊತ್ತಾ? ಬಸ್ಸಲ್ಲಿ ಹಾಗೇ ತಾನೇ, ಹತ್ತೋತನಕ "ಸ್ವಲ್ಪ ಸರೀರಿ, ಜಾಗ ಇದೆ", ಹತ್ತಿದ ಮೇಲೆ "ಏ, ಇನ್ನೆಲ್ಲಿ ಜಾಗ!" ಹಡಗುಕಟ್ಟೇಲಿ ಹಗ್ಗ ಹೋಗಿ ಕಟ್ಟಡ ಬಂತು. ಮೆಟ್ಟಿಲ ಮೇಲೆ ಡಾಕ್ಟರು ನಿಲ್ಲೋರು. ಮೆಟ್ಟಿಲು ಹತ್ತೋವಾಗ ಯಾರಿಗೆ ಏದುಸಿರು, ಯಾರು ಕುಂಟ್ತಾರೆ ಅಂತ ನೋಡಿ ಕೋಟಿನ ಭುಜದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು. ಗುರುತು ಬಿತ್ತೋ, ಬಲಗಡೆ ಬಾಗಿಲು. ಬಲಗಡೆ ಬಾಗಿಲು ಅಂದ್ರೆ ವಾಪಸ್ ಹಡಗು.

ಈ ಕೋಟಿನ ಮೇಲೂ ಬಿದ್ದಿತ್ತು. ಹೂಂ, ನೀನು ಹಾಕ್ಕೊಂಡಿದೀಯಲ್ಲ, ಇದೇ ಕೋಟು! ನಮ್ಮವರದು. ಬರೋ ದಾರೀಲಿ ಹಡಗಲ್ಲಿ ಕಾಲು ಉಳುಕಿತ್ತು, ಕುಂಟ್ತಾ ಹತ್ತಿದ್ರು. ಡಾಕ್ಟರು ಗೀಚಿದ. ಇವರು ಏನು ಮಾಡಿದ್ರು ಹೇಳು? ಗುಂಪಲ್ಲಿ ಬಗ್ಗಿ ಕೋಟು ಬಿಚ್ಚಿ, ಒಳಮೈ ಹೊರಗೆ ಮಾಡಿ ಹಾಕ್ಕೊಂಡು, ಹಲ್ಲು ಕಚ್ಚಿ ನೆಟ್ಟಗೆ ನಡ್ಕೊಂಡು ಎಡಗಡೆ ಬಾಗಿಲಲ್ಲಿ ಬಂದುಬಿಟ್ರು. ಅದೇ ಅವತಾರದಲ್ಲಿ ಈ ಬೀದಿಗೆ ಬಂದ್ರು. ನಾನು ಆಗ ಇದೇ ಬಾಗಿಲಲ್ಲಿ ಕೂತು ಗುಂಡಿ ಹೊಲೀತಿದ್ದೆ. ಹೊಲಿಗೆ ಎಲ್ಲ ಹೊರಗೆ, ಒಳಗಿನ ಅಸ್ತರು ಎಲ್ಲ ಬೀದಿಗೆ! ನನಗೆ ತಡೆಯೋಕಾಗಲಿಲ್ಲ. "ರೀ, ನಿಮ್ಮ ಹೊಲಿಗೆ ಹೊರಗಿದೆ" ಅಂದೆ. ಅವರಿಗೆ ನಮ್ಮ ಭಾಷೆ ಎಲ್ಲಿ ಬರಬೇಕು? ಇದೇ ಇಲ್ಲಿನ ನಮಸ್ಕಾರ ಅನ್ಕೊಂಡ್ರು. ಒಂದು ವಾರ, ಬೀದೀಲಿ ಸಿಕ್ಕಿದೋರಿಗೆಲ್ಲ ಟೋಪಿ ಎತ್ತಿ, "ನಿಮ್ಮ ಹೊಲಿಗೆ ಹೊರಗಿದೆ!" ಹೆಂಗಸರು ಗಂಡಸರು ಎಲ್ಲ ಬೆನ್ನು ತಿರುಗಿಸಿ ಮುಟ್ಟಿ ಮುಟ್ಟಿ ನೋಡ್ಕೊಳ್ಳೋರು. ಅಂಥೋರನ್ನ ಮದುವೆ ಆಗದೆ ಇನ್ನೇನು ಮಾಡೋದು? ಬೇರೆ ಯಾರಾದ್ರೂ ಆಗಿಬಿಟ್ಟಿದ್ರೆ!

ಅಗೋ, ಆ ಗೋಡೆ ಮೇಲಿರೋ ಫೋಟೋದಲ್ಲೂ ಅದೇ ಕೋಟು. ಮದುವೆ ದಿನ ತೆಗೆಸಿದ್ದು. ಸರಿಯಾದ ಮೈ ಹೊರಗಿದೆ, ನೋಡು, ನಾನೇ ಹಾಕಿಸಿದ್ದು.

ಅವತ್ತಿಂದ ಈ ಕೋಟು ಅರವತ್ತಮೂರು ಜನರ ಮೈ ಮೇಲೆ ಕೂತಿದೆ. ಪ್ರಮಾಣಕ್ಕೆ ಹೋಗೋವಾಗ ಒಳ್ಳೆ ಕೋಟು ಯಾರ ಹತ್ತಿರ ಇರತ್ತೆ? ಗಿಡ್ಡ ಬಂದ್ರೆ ತೋಳು ಮಡಿಸ್ತೀನಿ, ಉದ್ದ ಬಂದ್ರೆ ಬಿಚ್ತೀನಿ. ಬ್ರೆಡ್ ಅಂಗಡಿಯವನಿಗೆ ಹೊಟ್ಟೆ ಹತ್ತಿರ ಎರಡು ಇಂಚು ಬಿಟ್ಟಿದ್ದೆ, ಅವತ್ತು ಆ ಗುಂಡಿ ಹಾರಿ ಸಾಹೇಬನ ಮಸಿಕುಡಿಕೆಗೆ ಬಿತ್ತು. ಅರವತ್ತಮೂರು ಜನಕ್ಕೂ ಕೋಟೂ ನಂದೇ, ಪಾಠಾನೂ ನಂದೇ, ಸಾಕ್ಷೀನೂ ನಂದೇ. ಒಬ್ಬನೂ ಫೇಲಾಗಿಲ್ಲ. ನೀನು ಅರವತ್ತನಾಲ್ಕು.

ಏನು? ಹಾಳೆ ಅಂಟಿಕೊಂಡಿದೆಯಾ? ಯಾವ ಹಾಳೆ?

ಓ, ಅದಾ... ಗಂಜಿ ಬಿದ್ದಿರಬೇಕು. ದರ್ಜಿ ಅಂಗಡಿ ಕಣಪ್ಪ, ಕಾಲರಿಗೆ ಗಂಜಿ ಹಾಕ್ತೀವಿ, ಎಲ್ಲದಕ್ಕೂ ಮೆತ್ಕೊಳತ್ತೆ. ಅದು ಏಳನೇ ಪಾಠ. ಬಿಟ್ಟುಬಿಡು. ಕೇಳಲ್ಲ. ಗಂಡಸರನ್ನ ಒಂದು ಸಲಾನೂ ಕೇಳಿಲ್ಲ. ಆರಾದ ಮೇಲೆ ನೇರ ಎಂಟಕ್ಕೆ ಹೋಗು.

ಮೂರು ನಿನಗೆ ಬರತ್ತೆ, ನಾಲ್ಕು ಹೇಳು. ಓದೋ ಪರೀಕ್ಷೆ. ಎಷ್ಟು ಪದ? ನಲವತ್ತು. ಸರಿ. ತಂತಮ್ಮ ಭಾಷೇಲಿ ನಲವತ್ತು ಪದ ಓದಿದ್ರೆ ಒಳಗೆ, ಇಲ್ದಿದ್ರೆ ಹೊರಗೆ. ಮೂಲೆ ಮನೇಲಿ ಗಡಿಯಾರ ರಿಪೇರಿಯವನು ಇದ್ನಲ್ಲ, ಅವನಿಗೆ ಚೀಟಿ ಕೊಟ್ರಂತೆ. ಇವನು ಓದಲಿಲ್ಲ. "ಇದರಲ್ಲಿ ಮೂರು ತಪ್ಪಿದೆ, ಯಾರು ಬರೆದಿದ್ದು?" ಅಂದ. ಅಧಿಕಾರಿ, "ಓದಪ್ಪ" ಅಂದ. ಇವನು, "ತಪ್ಪನ್ನ ಹೇಗೆ ಓದಲಿ, ಮೊದಲು ತಿದ್ದಿ" ಅಂದ. ಅವನು ಓದು, ಇವನು ತಿದ್ದು. ಒಂದು ಗಂಟೆ! ಹಿಂದೆ ಸಾಲು ಬಾಗಿಲು ದಾಟಿ ಹೋಯ್ತು. ಕೊನೆಗೆ ಅಧಿಕಾರಿ ಕೈ ಮುಗಿದು ಒಳಗೆ ಕಳಿಸಿದ್ನಂತೆ.

ಹೌದು, ಐದು ನನಗೂ ಇಷ್ಟ ಇಲ್ಲ. ಗೊತ್ತು, ಅದು ನಿನ್ನ ಪಾಠ. ಆದ್ರೂ ಹೇಳು. ನಾಳೆ ಅದನ್ನೇ ಕೇಳಿದ್ರೆ ಉತ್ತರ ತಪ್ಪಬಾರದು. "ಯಾವ ಯಾವ ದೇಶದಿಂದ ವರ್ಷಕ್ಕೆ ಎಷ್ಟು ಜನ ಅಂತ ಕಾನೂನು ಲೆಕ್ಕ ಇಟ್ಟಿತು." ಹೂಂ. ನಿಮ್ಮ ದೇಶಕ್ಕೆ? ನೂರು. ಇಡೀ ದೇಶಕ್ಕೆ ನೂರೇ ನೂರು, ಒಂದು ಮದುವೆ ಊಟದ ಪಂಕ್ತಿಯಷ್ಟು! ಆ ಕಾನೂನು ಬಂದ ಹೊಸದ್ರಲ್ಲಿ ಹಡಗುಗಳು ಬಂದರಿನ ಹೊರಗೆ ಗೆರೆ ಕಾಯ್ಕೊಂಡು ನಿಲ್ಲೋವು, ಒಂದನೇ ತಾರೀಕು ಶುರುವಾದ ತಕ್ಷಣ ಒಳಗೆ ನುಗ್ಗೋಕೆ. ಒಂದು ಹಡಗಿನ ಕಪ್ತಾನನ ಗಡಿಯಾರ ಆರು ನಿಮಿಷ ಮುಂದಿತ್ತು ಅಂತ ಇಡೀ ಹಡಗನ್ನ ವಾಪಸ್ ಕಳಿಸಿದ್ರು. ಆರು ನಿಮಿಷ. ಆ ಗಡಿಯಾರದವನು ಇದನ್ನ ಕೇಳಿ ಎರಡು ದಿನ ಊಟ ಮಾಡಲಿಲ್ಲ.

ನಿನ್ನ ಹೆಂಡತಿ ಸಾಲಲ್ಲಿ ನಿಂತ್ರೆ ಎಷ್ಟು ವರ್ಷ ಅಂದ್ರು? ಹದಿನಾಲ್ಕು. ಅಷ್ಟರಲ್ಲಿ ನಿನ್ನ ಮಗಳಿಗೆ ಇಪ್ಪತ್ತು ತುಂಬತ್ತೆ, ಅವಳ ಮದುವೆಗೆ ನೀನು ಪತ್ರ ಬರೀಬೇಕು. ಆದ್ರೆ ಪ್ರಜೆ ಆದವನ ಹೆಂಡತಿ ಮಕ್ಕಳು ಆ ನೂರರ ಲೆಕ್ಕಕ್ಕೇ ಬರಲ್ಲ. ನಾಳೆ ಹನ್ನೆರಡಕ್ಕೆ ಕಾಗದ ಕೈಗೆ ಬಂದ್ರೆ, ಹನ್ನೆರಡೂವರೆಗೆ ತಂತಿ ಕೊಡ್ತೀಯ, ಮುಂದಿನ ಹಡಗಿಗೆ ಅವರು ಹತ್ತುತಾರೆ. ಅಷ್ಟೇ. ಆ ನೂಲು ನೆನಪಿದೆಯಾ? ಹೋದ ವಾರ ಪತ್ರದಲ್ಲಿ ನಿನ್ನ ಹೆಂಡತಿ ಕಳಿಸಿದ್ಲಲ್ಲ, ಮಗಳನ್ನ ಗೋಡೆಗೆ ನಿಲ್ಲಿಸಿ ಎತ್ತರಕ್ಕೆ ಕತ್ತರಿಸಿದ ನೂಲು. ಫ್ರಾಕಿಗೆ ಅಳತೆ ತಗೊಂಡಿದೀನಿ. ಎರಡು ಇಂಚು ಜಾಸ್ತಿ ಬಿಟ್ಟಿದೀನಿ, ಹಡಗಲ್ಲಿ ಬರೋಷ್ಟರಲ್ಲಿ ಬೆಳೀತಾವೆ ಈ ಮಕ್ಕಳು.

ಅಯ್ಯೋ, ಕಣ್ಣೊರೆಸ್ಕೋಬೇಡ, ತೋಳಿಗೆ ಗುಂಡುಸೂಜಿ ಇದೆ! ಮುಖದ ಮೇಲೆ ಗೀರತ್ತೆ. ಇರು, ನಾನೇ ಒರೆಸ್ತೀನಿ. ಹೂಂ. ನಿಂತ್ಕೋ ಈಗ, ಪ್ಯಾಂಟಿನ ಅಂಚು ಹಿಡೀತೀನಿ. ಮಂಡಿ ಊರಿದ್ರೆ ಏಳೋದು ಕಷ್ಟ ನನಗೆ, ಏಳಿಸೋದು ನಿನ್ನ ಜವಾಬ್ದಾರಿ.

ಆರನೇದು ನಾನೇ ಹೇಳ್ತೀನಿ ಕೇಳು, ನಮ್ಮ ಮನೆ ಕಥೆ ಅದು. "ಐದು ವರ್ಷ ಎಡೆಬಿಡದೆ ವಾಸ." ಎಡೆಬಿಡದೆ! ನಮ್ಮವರಿಗೆ ಸಿಕ್ಕಿದ ಕೆಲಸ ಏನು? ಹಡಗಿನ ಒಲೆಗೆ ಕಲ್ಲಿದ್ದಲು ಹಾಕೋದು. ನಾಲ್ಕು ವರ್ಷ ಹತ್ತು ತಿಂಗಳು ದಡದ ಗೋದಾಮಲ್ಲಿ ದುಡಿಯೋರು, ಇನ್ನೆರಡೇ ತಿಂಗಳು ಅನ್ನೋಷ್ಟರಲ್ಲಿ ಕೆಲಸ ಹೋಗೋದು, ಹೊಟ್ಟೆಪಾಡಿಗೆ ಹಡಗು ಹತ್ತೋರು. ಮರಳಿ ಬಂದಾಗ ಲೆಕ್ಕ ಮತ್ತೆ ಸೊನ್ನೆಯಿಂದ. ಮೂರು ಸಲ ಹೀಗಾಯ್ತು! ಮೂರನೇ ಸಲ ಸಾಹೇಬ, "ಏನಪ್ಪ, ಇದೇನು ಹಾವು ಏಣಿ ಆಟ ಅನ್ಕೊಂಡಿದೀಯ?" ಅಂದ. ಇವರು ಟೋಪಿ ಎತ್ತಿ, "ಸ್ವಾಮಿ, ನಿಮ್ಮ ಹೊಲಿಗೆ ಹೊರಗಿದೆ" ಅಂದು ಬಂದ್ರು. ಅಷ್ಟು ಹೊತ್ತಿಗೆ ಅರ್ಥ ಗೊತ್ತಿತ್ತು ಅವರಿಗೆ, ಬೇಕು ಅಂತಲೇ ಅಂದಿದ್ದು. ಪ್ರಜೆ ಆಗದೇನೇ ಹೋಗಿಬಿಟ್ರು. ಒಂಬತ್ತು ವರ್ಷ ಆಯ್ತು. ಒಳ್ಳೆ ಮನುಷ್ಯ... ಎಡಗಾಲು ಸ್ವಲ್ಪ ಮುಂದೆ. ಹಾಂ.

ಅದಕ್ಕೇ ನಾನು ಸಾಕ್ಷಿ ನಿಲ್ಲೋದು. ಅವರಿಗೆ ಆಗದೇ ಇದ್ದಿದ್ದು ಬೇರೆಯೋರಿಗಾದ್ರೂ ಆಗ್ಲಿ ಅಂತ. ಆ ಪರೀಕ್ಷೆ ಹಾಲ್ ನೋಡಬೇಕು ನೀನು. ದೊಡ್ಡ ದೊಡ್ಡ ಕಿಟಕಿ. ಬೆಳಿಗ್ಗೆ ಬಿಸಿಲು ನೇರ ಮೇಜಿನ ಮೇಲೆ ಬೀಳತ್ತೆ. ಎಡಗಡೆ ಅರ್ಜಿದಾರರು, ಬಲಗಡೆ ಸಾಕ್ಷಿಗಳು. ಸಾಹೇಬ ಮೊದಲು ನಮ್ಮನ್ನ ಕೇಳ್ತಾನೆ...

ಏನು ಸದ್ದು ಅದು? ಪರ್ ಅಂತ? ಪ್ಯಾಂಟ್ ಹರೀತಾ? ಇಲ್ಲ, ಹೊಲಿಗೆ ಗಟ್ಟಿಯಾಗೇ ಇದೆ... ಮೇಲೆ ಏನು ಮಾಡ್ತಾ ಇದೀಯ? ನನಗೆ ಕೋಟಿನ ಕೆಳಗಡೆಯಿಂದ ಕಾಣ್ಸಲ್ಲ. ಎಂಟನೇದು ಓದ್ತಾ ಇದೀಯಾ? ಜೋರಾಗಿ ಓದು, ಕೇಳ್ಲಿ.

ಓದಪ್ಪ.

ಇರು, ನಾನೇ ನೋಡ್ತೀನಿ. ಏಳಿಸು ನನ್ನ. ಕೈ ಕೊಡು. ಹೂಂ, ಅಮ್ಮಾ... ಮಂಡಿ... ಏನಾಯ್ತು ನಿನಗೆ, ಮುಖ ಯಾಕೆ ಹಾಗೆ...

ಆ ಅಂಟಿದ ಹಾಳೇನ ಗುಂಡುಸೂಜೀಲಿ ಬಿಡಿಸಿದ್ಯಾ?

ನನ್ನ ಗುಂಡುಸೂಜೀಲೇ! ನಿನ್ನ ತೋಳಿಗೆ ನಾನೇ ಚುಚ್ಚಿದ್ದರಲ್ಲೇ! ಹತ್ತೊಂಬತ್ತು ಜನ ಇದೇ ಪುಸ್ತಕ ಓದಿದ್ರು, ಬ್ರೆಡ್ ಅಂಗಡಿಯವನು ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ದ, ಒಬ್ಬನಿಗೂ ಗೊತ್ತಾಗಲಿಲ್ಲ. ನಿನಗೆ ಹೇಗೆ... ಹಾಳೆ ದಪ್ಪ ಅಂತ ಬೆರಳಿಗೆ ಗೊತ್ತಾಯ್ತು, ಅಲ್ವಾ? ಕಾರ್ಖಾನೆ ಲೇತ್ ಮೇಲೆ ಕಬ್ಬಿಣ ಕಡೆದು ಕೂದಲೆಳೆ ಲೆಕ್ಕ ಹಾಕೋ ಕೈ. ನಾನು ಯೋಚನೆ ಮಾಡಬೇಕಿತ್ತು.

ಓದು ಹಾಗಾದ್ರೆ. ಬೇಡ, ನನಗೆ ಬಾಯಿಪಾಠ ಬರತ್ತೆ. "ಹನ್ನೊಂದನೇ ಇಸವಿಯಿಂದ ಇಪ್ಪತ್ತೈದನೇ ಇಸವಿವರೆಗೆ, ಪರದೇಶದವನನ್ನು ಮದುವೆಯಾದ ಈ ದೇಶದ ಹೆಣ್ಣು, ಮದುವೆಯ ದಿನದಿಂದ ತನ್ನ ಪೌರತ್ವ ಕಳೆದುಕೊಂಡು ಗಂಡನ ದೇಶದವಳಾದಳು." ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಹಳೇ ಮುದುಕೀರು ಹೇಳ್ತಿದ್ರಲ್ಲ, ಅದನ್ನೇ ಸರ್ಕಾರ ಮುದ್ರೆ ಹಾಕಿ ಕಾನೂನು ಮಾಡಿತ್ತು. ಗಂಡಸು ಪರದೇಶದೋಳನ್ನ ಕಟ್ಕೊಂಡ್ರೆ ಅವಳು ಇಲ್ಲಿನೋಳು, ಹೆಂಗಸು ಪರದೇಶದವನನ್ನ ಕಟ್ಕೊಂಡ್ರೆ ಇವಳು ಅಲ್ಲಿನೋಳು. ಇಪ್ಪತ್ತೈದರಲ್ಲಿ ತೆಗೆದುಹಾಕಿದ್ರು. ಕೆಳಗಿನ ಸಾಲು ಓದಿದ್ಯಾ? ಸಣ್ಣಕ್ಷರದ್ದು? "ಅದಕ್ಕೆ ಮೊದಲು ಮದುವೆಯಾದವರು ಮತ್ತೆ ಅರ್ಜಿ ಹಾಕಿಕೊಳ್ಳತಕ್ಕದ್ದು." ಹಾಕಿಕೊಳ್ಳತಕ್ಕದ್ದು!

ಗೋಡೆ ಕಡೆ ನೋಡಬೇಡ. ನೋಡಿಯಾಯ್ತಾ? ಆ ಫೋಟೋ ಅಂಗಡಿಯವನು ಕೆಳಗೆ ಇಸವಿ ಬರೀದೇ ಇದ್ದಿದ್ರೆ ಅವನ ಗಂಟೇನು ಹೋಗ್ತಿತ್ತು? ಹೌದಪ್ಪ, ಹದಿನೆಂಟು. ಹದಿನೆಂಟನೇ ಇಸವಿ. ಇದೇ ಬೀದೀಲಿ ಹುಟ್ಟಿದೋಳು, ಇದೇ ಬೀದೀಲಿ ಹುಟ್ಟಿದ ಅಪ್ಪನ ಮಗಳು, ಸುತ್ತಿಗೆ ಎತ್ತಿದ ತಾತನ ಮೊಮ್ಮಗಳು, ಒಂದು ದಿನ ಬೆಳಿಗ್ಗೆ ಹೂ ಮುಡ್ಕೊಂಡು ಫೋಟೋಗೆ ನಿಂತೆ, ಇಳಿದು ಬರೋಷ್ಟರಲ್ಲಿ ಪರದೇಶದೋಳು. ಯಾರೂ ಹೇಳಲಿಲ್ಲ ನನಗೆ. ಫೋಟೋದವನು "ನಗಿ" ಅಂದ, ನಕ್ಕೆ.

ಇನ್ನೂ ಇದೆ, ಕೇಳು.

ಪ್ರಜೆ ಅಲ್ಲದ ನಾನು ಸಾಕ್ಷಿ ನಿಲ್ಲಬಾರದು ಅಂತ ಮೊದಲ ನಲವತ್ನಾಲ್ಕು ಸಲ ನಿಜವಾಗ್ಲೂ ಗೊತ್ತಿರಲಿಲ್ಲ. ಆಮೇಲೆ ಈ ಪುಸ್ತಕ ಅಚ್ಚಾಗಿ ಬಂತು. ಹನ್ನೊಂದು ವರ್ಷ ಆಯ್ತು. ಒಬ್ಬ ಬಣ್ಣ ಹೊಡೆಯೋನು ನೀನು ನಿಂತಿರೋ ಜಾಗದಲ್ಲೇ ನಿಂತಿದ್ದ, ನಾನು ಹೀಗೇ ಕೂತು ಪ್ರಶ್ನೆ ಕೇಳ್ತಾ ಇದ್ದೆ. ಆರು ಕೇಳಿದೆ, ಏಳು ತೆಗೆದೆ... ಪ್ರಶ್ನೆ ಓದ್ತಾ ಓದ್ತಾ ನನ್ನ ನಾಲಿಗೆ ನಿಂತುಹೋಯ್ತು. ಅವನು ಪಾಪ, ತನಗೇ ಉತ್ತರ ಬರಲಿಲ್ಲ ಅನ್ಕೊಂಡ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನು ಬಚ್ಚಲಿಗೆ ಬಿತ್ತಂತೆ, ಹಾಗಾಯ್ತು. ಅವತ್ತೇ ಗಂಜಿ ಹಚ್ಚಿದೆ. ಮಾರನೇ ದಿನ ಅವನ ಜೊತೆ ಹೋಗಿ ಸಾಕ್ಷಿ ನಿಂತೆ. ಅದಾದ ಮೇಲೂ ನಿಂತೆ. ಹತ್ತೊಂಬತ್ತು ಸಲ ಗೊತ್ತಿದ್ದೂ ನಿಂತೆ.

ಅವರ ಕಾಗದಕ್ಕೆ ಏನೂ ಆಗಲ್ಲ! ಹೆದರಬೇಡ, ಅದನ್ನ ಮೊದಲು ವಿಚಾರಿಸಿದೀನಿ, ನೋಟರಿ ಹತ್ತಿರ, "ನನ್ನ ಗೆಳತಿ ಒಬ್ಬಳು ಇದಾಳೆ" ಅಂತ ಕಥೆ ಕಟ್ಟಿ. ಅರ್ಜಿದಾರನಿಗೆ ಗೊತ್ತಿಲ್ಲದೇ ಇದ್ರೆ, ಒಂದು ವರ್ಷ ದಾಟಿದ್ರೆ, ಕಾಗದ ಗಟ್ಟಿ. ಕೊನೇದಕ್ಕೂ ಎರಡು ವರ್ಷ ಆಗಿದೆ. ತಪ್ಪೆಲ್ಲ ಸುಳ್ಳು ಹೇಳಿದೋಳದು. ಗೊತ್ತಿಲ್ಲದೇ ಇದ್ರೆ, ಅಂದೆ. ಈಗ ನಿನಗೆ ಗೊತ್ತು.

ಅದಕ್ಕೇ ನನಗೆ ಸಿಟ್ಟು ಬರೋದು! ಸುಮ್ಮನೆ ಎಂಟಕ್ಕೆ ಹೋಗಿದ್ರೆ ಏನಾಗ್ತಿತ್ತು? ನಾಳೆ ನಿಂಗೆ ಕಾಗದ, ಮುಂದಿನ ತಿಂಗಳು ಹೆಂಡತಿ ಮಗಳು. ಈಗ ನಾನು ನಿನ್ನ ಪಕ್ಕ ನಿಂತು ಹೌದು ಅಂದ್ರೆ, ಅದು ನಿನ್ನ ಸುಳ್ಳೂ ಆಗತ್ತೆ. ಅರ್ಜಿ ಹರಿದು ಹಾಕ್ತಾರೆ, ಮತ್ತೆ ಐದು ವರ್ಷ. ನಿನ್ನ ಮಗಳಿಗೆ... ಇಲ್ಲ. ಅದಾಗೋದು ಬೇಡ. ನಾನು ಬರಲ್ಲ ನಾಳೆ.

ತಲೆ ಅಲ್ಲಾಡಿಸಬೇಡ, ಕೇಳು. ಅಂಚೆಯವನು! ಅವನು ಇದೇ ಊರಲ್ಲಿ ಹುಟ್ಟಿದೋನು, ಗಂಡಸು, ಯಾರನ್ನ ಕಟ್ಕೊಂಡ್ರೂ ಅವನಿಗೇನಾಗಿಲ್ಲ. ಐದು ವರ್ಷದಿಂದ ವಾರಕ್ಕೊಂದು ಪತ್ರ ನಿನ್ನ ಕೈಗೇ ಕೊಟ್ಟಿದಾನೆ. ಎಡೆಬಿಡದೆ ಇದ್ದೆ ಅನ್ನೋಕೆ ಅದಕ್ಕಿಂತ ಸಾಕ್ಷಿ ಬೇಕಾ? ಎಂಟೂವರೆಗೆ ಹೋಗಿ ಅರ್ಜಿ ಕೆಳಗೆ ಸಾಕ್ಷಿ ಬದಲು ಅಂತ ಬರೆಸಿದ್ರಾಯ್ತು, ಹಿಂದೆ ಒಬ್ಬರಿಗೆ ಜ್ವರ ಬಂದಾಗ ಮಾಡಿದೀವಿ. ಹನ್ನೊಂದಕ್ಕೆ ಈ ಬೀದಿಗೆ ಬರ್ತಾನೆ ಇವತ್ತು. ಇನ್ನು ಹತ್ತು ನಿಮಿಷ. ನಾನೇ ಕೇಳ್ತೀನಿ. ಮಂಡಿ ನೋವು, ಆ ಹಾಲ್ ಮೆಟ್ಟಿಲು ಹತ್ತೋಕಾಗಲ್ಲ ಅಂತ ಹೇಳ್ತೀನಿ.

ಯಾಕೆ ಹಾಗೆ ನೋಡ್ತೀಯ? ...ಸರಿ, ಸರಿ. ಮಂಡಿ ನೋವು ಅಂತ ಹೇಳಲ್ಲ.

ಅರ್ಜಿ ಯಾಕೆ ಹಾಕಲಿಲ್ಲ ಅಂತ ತಾನೇ ನಿನ್ನ ಕಣ್ಣು ಕೇಳ್ತಾ ಇರೋದು? ಹಾಕಿದೆ. ಅರ್ಧ. ಆ ಡ್ರಾಯರ್‌ನಲ್ಲಿದೆ, ಗುಂಡಿ ಡಬ್ಬಿ ಕೆಳಗೆ. ಹೆಸರು ಬರೆದೆ. ಹುಟ್ಟಿದ ಊರು ಬರೆದೆ, ಇದೇ ಊರು. ಮೂರನೇ ಸಾಲಲ್ಲಿ ಕೇಳಿದ್ರು, "ಅರ್ಜಿದಾರರ ಈಗಿನ ದೇಶ?" ಏನು ಬರೀಲಿ? ನಾನು ಕಣ್ಣಲ್ಲೂ ನೋಡದ ಊರಿನ ಹೆಸರು ಬರೀಲಾ? ಅಲ್ಲಿಗೆ ನಾನು ಹೋದ್ರೆ ದಾರಿ ಕೇಳೋಕೂ ಬಾರದು. ಪೆನ್ನು ಅಲ್ಲೇ ನಿಂತಿತು, ಹನ್ನೊಂದು ವರ್ಷ. ರೋಷ ಅನ್ನು. ಜಂಭ ಅನ್ನು. ನಾಚಿಕೆ ಅನ್ನು, ಅದೂ ಇತ್ತು.

ಆದ್ರೂ ಯಾಕೆ ಹೋಗಿ ಹೋಗಿ ನಿಲ್ತಿದ್ದೆ... ಆಗ ಹೇಳ್ತಾ ಇದ್ದೆನಲ್ಲ, ಸಾಹೇಬ ಮೊದಲು ನಮ್ಮನ್ನ ಕೇಳ್ತಾನೆ ಅಂತ. ಕನ್ನಡಕದ ಮೇಲಿಂದ ನೋಡಿ ಕೇಳ್ತಾನೆ, "ತಾವು ಈ ದೇಶದ ಪ್ರಜೆಯೇ?" ನಾನು "ಹೌದು" ಅಂತೀನಿ. ಅವನು ಬರ್ಕೋತಾನೆ. ಅಷ್ಟೇ ಕಣಪ್ಪ. ಇಡೀ ಪ್ರಪಂಚದಲ್ಲಿ ನನ್ನನ್ನ ಆ ಮಾತು ಕೇಳೋ ಜಾಗ ಅದೊಂದೇ. ನಾನು ಹೌದು ಅಂದಿದ್ದನ್ನ ಮಸೀಲಿ ಬರ್ಕೊಳ್ಳೋ ಮನುಷ್ಯ ಅವನೊಬ್ಬನೇ. ಅದು ಕೇಳೋಕೆ ಹೋಗ್ತಿದ್ದೆ. ನಿಮಗೆಲ್ಲ ಸಹಾಯ ಅಂತ ಹೇಳ್ಕೊಂಡು ನನಗೇ ಹೋಗ್ತಿದ್ದೆ.

ಬೇಡ, ಇಳೀಬೇಡ, ಸೂಜಿಗಳಿವೆ... ಇಳಿದೇಬಿಟ್ಯಲ್ಲ. ಡ್ರಾಯರ್ ಯಾಕೆ ತೆಗೀತೀಯ? ಅಯ್ಯೋ, ಗುಂಡಿ ಚೆಲ್ಲತ್ತೆ! ...ಅದು ಹಳೇದು ಕಣೋ, ಹಳದಿ ಆಗಿದೆ. ಈಗ ಯಾಕೆ? ನನ್ನ ವಯಸ್ಸಿಗೆ... ಕೊಡು ಇಲ್ಲಿ. ಪೆನ್ನೂ ಕೊಡ್ತಾ ಇದೀಯ? ಬಲವಂತನಾ?

ಸರಿ, ಬರೀತೀನಿ. ನಮ್ಮವರ ಊರು ತಾನೇ, ಬೇರೆಯೋರದ್ದೇನಲ್ಲ. ತಗೋ. ಬರೆದೆ. ಹತ್ತು ಅಕ್ಷರಕ್ಕೆ ಹನ್ನೊಂದು ವರ್ಷ! ಸಾಹೇಬ ಬೈತಾನೆ. ಹತ್ತೊಂಬತ್ತು ಸುಳ್ಳು, ದಂಡ ಹಾಕ್ತಾನೋ ಏನೋ. ಜೈಲಿಗೆ ಕಳಿಸಿದ್ರೆ ಅಲ್ಲಿನೋರ ಬಟ್ಟೆ ಎಲ್ಲ ಸರಿಯಾದ ಅಳತೇಲಿ ಹೊಲಿದುಕೊಟ್ಟು ಬರ್ತೀನಿ, ಬಿಡು.

ಆದ್ರೆ ಇದಕ್ಕೂ ಇಬ್ಬರು ಸಾಕ್ಷಿ ಬೇಕು, ನೋಡಿದ್ಯಾ? ಐದು ವರ್ಷದಿಂದ ಬಲ್ಲವರು. ಯಾರನ್ನ ಕೇಳ್ಲಿ? ಬ್ರೆಡ್ ಅಂಗಡಿಯವನನ್ನ? ಯಾವ ಮುಖ ಹೊತ್ತು ಕೇಳ್ಲಿ? ಈ ಬೀದೀಲಿ ಯಾರ ಕಾಗದ ತೆಗೆದ್ರೂ ಕೆಳಗೆ ನನ್ನ ಸಹಿ. ಅಂಚೆಯವನು ಒಬ್ಬ ಆದಾನು. ಇನ್ನೊಬ್ಬ...

ಏನು? ಯಾಕೆ ಎದೆ ಮುಟ್ಕೋತೀಯ? ಚುಚ್ಚಿತಾ?

ನೀನಾ!

ನೀನು... ಹೌದಲ್ಲ. ನಾಳೆ ಹನ್ನೆರಡಕ್ಕೆ ನೀನು ಪ್ರಜೆ. ನಿನ್ನ ಕಾಗದದಲ್ಲಿ ನನ್ನ ಸಹಿ ಇರಲ್ಲ. ಐದು ವರ್ಷ ಎರಡು ತಿಂಗಳಿಂದ ನನ್ನ ಬಲ್ಲೆ. ಅಯ್ಯೋ ನಿನ್ನ! ನಿನ್ನ ಮೊದಲನೇ ಕೆಲಸ ಇದೇನಾ, ನನಗೆ ಸಾಕ್ಷಿ? ತಂತಿ ಕೊಡೋದು ಬಿಟ್ಟು?

ತಂತಿ ಕೊಟ್ಟು ಬಂದೇ ನಿಲ್ಲು. ಮೊದಲು ಹೆಂಡತಿ ಮಗಳು.

ಆದ್ರೆ ಸುಮ್ಮನೆ ಅಲ್ಲ, ಅಲ್ಲಿ ಇನ್ನೊಂದು ಪ್ರಶ್ನೆ ಕೇಳ್ತಾರೆ. ಸಾಕ್ಷೀನ ಕೇಳೇ ಕೇಳ್ತಾರೆ, ಬಿಡಲ್ಲ. ತಯಾರಾಗಿರು. "ಅರ್ಜಿದಾರರ ನಡತೆ ಹೇಗೆ? ಸತ್ಯವಂತರೋ?" ಅಂತ. ಹೂಂ, ನಾನೇ ಸಾಹೇಬ ಅನ್ಕೋ. ಹೇಳು ನೋಡೋಣ, ಏನಂತೀಯ ನನ್ನ ಬಗ್ಗೆ?

...ಅಷ್ಟು ಹೊತ್ತು ಯೋಚನೆ ಮಾಡಬಾರದು ಕಣೋ, ಸಾಹೇಬನಿಗೆ ಊಟದ ಹೊತ್ತಾಗತ್ತೆ. ಅಂಚೆಯವನ ಸೈಕಲ್ ಗಂಟೆ ಕೇಳ್ತಾ ಇದೆ, ಹೋಗು, ಅವನನ್ನ ಒಳಗೆ ಕರಿ. ಅವನು ಕೂತ ಮೇಲೆ ನಾನೇ ಎಲ್ಲ ಮೊದಲಿಂದ ಹೇಳ್ತೀನಿ, ಏಳನೇ ಪಾಠಾನೂ ಸೇರಿಸಿ.